ಪದವಿಯಲ್ಲಿ ಹೆಲ್ತ್ ಪ್ರಮೋಷನ್: ನೀವು ಕೇಳಿದ್ದು, ನಾವು ಹೇಳುವುದು

ಆರೋಗ್ಯ ಸಂವರ್ಧನೆಯನ್ನು, ಅಂದರೆ ಹೆಲ್ತ್ ಪ್ರಮೋಷನ್ ಅನ್ನು, ಪದವಿಯ ಮುಖ್ಯ ವಿಷಯವಾಗಿ ಓದುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಈ ವಿಷಯ ಕಲಿಸುವವರೂ ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವರೂ ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಡಾಕ್ಟರ್, ನರ್ಸ್ ಆಗುವ ಆಸೆಯಿಲ್ಲ. ಆದರೆ ಆರೋಗ್ಯ ಕ್ಷೇತ್ರದಲ್ಲೇ ಇರಬೇಕು ಅನ್ನಿಸುತ್ತದೆ. ಹೆಲ್ತ್ ಪ್ರಮೋಷನ್ ಎಂದರೆ ಪೋಸ್ಟರ್ ಬರೆಯುವುದು, ಭಾಷಣ ಮಾಡುವುದು ಅಷ್ಟೇ ಎಂದು ಗೆಳತಿ ಹೇಳುತ್ತಾಳೆ. ನಿಜವೇ?

ಉತ್ತರ: ನಿಜವಲ್ಲ. ಪೋಸ್ಟರ್ ಬಂದರೆ ಕೊನೆಯಲ್ಲಿ ಬರುತ್ತದೆ, ಎಷ್ಟೋ ಸಲ ಬೇಕಾಗುವುದೇ ಇಲ್ಲ. ರೋಗಿ ಎದುರಿಗೆ ಬಂದು ಕೂತ ಮೇಲೆ ಡಾಕ್ಟರ್, ನರ್ಸ್‌ಗಳ ಕೆಲಸ ಶುರುವಾಗುತ್ತದೆ. ಈ ಪದವಿ ಅದಕ್ಕೂ ಮುಂಚಿನ ಪ್ರಶ್ನೆಗಳನ್ನು ಹಿಡಿಯುತ್ತದೆ. ಈ ಕಾಯಿಲೆ ಈ ಗುಂಪಿನಲ್ಲೇ ಏಕೆ ಹೆಚ್ಚು? ಅದರ ಹಿಂದಿನ ಕಾರಣಗಳಲ್ಲಿ ಯಾವುದನ್ನು ಬದಲಿಸಲು ಸಾಧ್ಯ? ಬದಲಿಸಿದ ಮೇಲೆ ನಿಜಕ್ಕೂ ಫಲ ಸಿಕ್ಕಿತೇ, ಅದನ್ನು ತಿಳಿಯುವುದು ಹೇಗೆ?

ಈ ವಿಷಯಕ್ಕೆ ಬುನಾದಿ ಎಂದು ಎಲ್ಲ ಕಡೆ ಓದಿಸುವುದು ಒಟ್ಟಾವಾ ಸನ್ನದನ್ನು. ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ಅಂತರರಾಷ್ಟ್ರೀಯ ಹೆಲ್ತ್ ಪ್ರಮೋಷನ್ ಸಮ್ಮೇಳನ ಕೆನಡಾದ ಒಟ್ಟಾವಾದಲ್ಲಿ ನಡೆದಾಗ, 1986ರ ನವೆಂಬರ್ 21ರಂದು ಹೊರಬಂದದ್ದು ಅದು. ಅದರಲ್ಲಿ ಐದು ಕಾರ್ಯಕ್ಷೇತ್ರಗಳಿವೆ. ತಂಬಾಕನ್ನು ಇಟ್ಟುಕೊಂಡು ನೋಡಿದರೆ ಐದೂ ಸುಲಭವಾಗಿ ತಿಳಿಯುತ್ತವೆ. ತೆರಿಗೆ ಏರಿಸುವುದು, ಜಾಹೀರಾತು ನಿಷೇಧಿಸುವುದು ಆರೋಗ್ಯಕರ ಸಾರ್ವಜನಿಕ ನೀತಿ. ಕಟ್ಟಡಗಳೊಳಗೆ ಹೊಗೆ ಇಲ್ಲದಂತೆ ಮಾಡುವುದು ಪೂರಕ ಪರಿಸರ. ನಿವಾಸಿಗಳೇ ಒಂದಾಗಿ ಅದಕ್ಕಾಗಿ ಒತ್ತಾಯಿಸುವುದು ಸಮುದಾಯದ ಶಕ್ತಿ. ಬಿಡಬೇಕೆಂದವರಿಗೆ ಬಿಡುವ ದಾರಿ ಕಲಿಸುವುದು ವೈಯಕ್ತಿಕ ಕೌಶಲ. ಬೇರೆ ಕಾಯಿಲೆಗೆ ಬಂದ ರೋಗಿಯನ್ನೂ ತಂಬಾಕಿನ ಬಗ್ಗೆ ಕೇಳಿ, ಬಿಡಲು ನೆರವಾಗುವಂತೆ ಆಸ್ಪತ್ರೆಯ ಪದ್ಧತಿಯನ್ನೇ ತಿದ್ದುವುದು ಆರೋಗ್ಯ ಸೇವೆಗಳ ಮರುನಿರ್ದೇಶನ. ಭಾಷಣ, ಪೋಸ್ಟರ್ ಎಲ್ಲ ಸೇರಿ ಈ ಐದರಲ್ಲಿ ಒಂದರ ಒಂದು ಭಾಗ ಮಾತ್ರ.

ಮೊದಲ ವರ್ಷ ಸಾಮಾನ್ಯವಾಗಿ ಮಾನವ ಜೀವಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ ಇರುತ್ತವೆ. ನಡುವಿನ ವರ್ಷಗಳಲ್ಲಿ ಎಪಿಡೆಮಿಯಾಲಜಿ (ಕಾಯಿಲೆ ಯಾರಲ್ಲಿ, ಎಷ್ಟು, ಏಕೆ ಬರುತ್ತದೆ ಎಂದು ನೋಡುವ ಶಾಸ್ತ್ರ), ಸಂಖ್ಯಾಶಾಸ್ತ್ರ, ವರ್ತನೆಯ ಸಿದ್ಧಾಂತಗಳು, ಆರೋಗ್ಯ ಸಂವಹನ. ಆಮೇಲೆ ಅಗತ್ಯಗಳ ಸಮೀಕ್ಷೆ, ಕಾರ್ಯಕ್ರಮ ಯೋಜನೆ, ಮೌಲ್ಯಮಾಪನ, ನೀತಿ. ಕೊನೆಗೆ ಕ್ಷೇತ್ರಕಾರ್ಯ. ಸೇರುವ ಮುಂಚೆ ಪಠ್ಯಕ್ರಮದ ಪಟ್ಟಿ ತರಿಸಿ ಮೂರು ವಿಷಯ ನೋಡಿ: ಸಂಖ್ಯಾಶಾಸ್ತ್ರ ಮತ್ತು ಎಪಿಡೆಮಿಯಾಲಜಿ ಬೇರೆ ಬೇರೆ ಪತ್ರಿಕೆಗಳಾಗಿವೆಯೇ, ಯೋಜನೆ ಮತ್ತು ಮೌಲ್ಯಮಾಪನಕ್ಕೆ ಪೂರ್ತಿ ಒಂದು ಪತ್ರಿಕೆಯಾದರೂ ಇದೆಯೇ, ಕ್ಷೇತ್ರಕಾರ್ಯಕ್ಕೆ ಹೊಣೆಹೊತ್ತ ಮೇಲ್ವಿಚಾರಕರು ಇದ್ದಾರೆಯೇ. ಫಿಟ್‌ನೆಸ್, ಪೌಷ್ಟಿಕತೆ, ಒತ್ತಡ ನಿವಾರಣೆ ಎಂಬ ಆಕರ್ಷಕ ಪತ್ರಿಕೆಗಳೇ ತುಂಬಿ ಈ ಮೂರೂ ಇಲ್ಲದಿದ್ದರೆ ಆ ಕೋರ್ಸ್ ಬೇಡ ಎಂಬುದು ನಮ್ಮ ಸ್ಪಷ್ಟ ಸಲಹೆ.

ಪ್ರಶ್ನೆ: ಮಗಳಿಗೆ ಜನರ ಜೊತೆ ಬೆರೆಯುವುದು ಇಷ್ಟ, ಗಣಿತ ಎಂದರೆ ಭಯ. ಈ ಪದವಿ ಅವಳ ಕೈಲಾಗುತ್ತದೆಯೇ?

ಉತ್ತರ: ಆಗುತ್ತದೆ. ಕ್ಯಾಲ್ಕುಲಸ್ ಬೇಕಿಲ್ಲ, ಶೇಕಡಾ, ಅನುಪಾತ, ಕೋಷ್ಟಕ ಓದುವುದು ಬೇಕು. ಇಲ್ಲಿನ ಕಷ್ಟ ಲೆಕ್ಕಕ್ಕಿಂತ ಅರ್ಥ ಹೇಳುವುದರಲ್ಲಿ ಇರುತ್ತದೆ.

ಒಂದು ಕಲ್ಪಿತ ಉದಾಹರಣೆ ನೋಡಿ. ಧೂಮಪಾನ ಮಾಡುವ 200 ಜನರಲ್ಲಿ 40 ಮಂದಿಗೆ, ಮಾಡದ 200 ಜನರಲ್ಲಿ 10 ಮಂದಿಗೆ ಬಿಡದ ಕೆಮ್ಮು. ಮೊದಲ ಗುಂಪಿನ ಅಪಾಯ ಶೇ 20, ಎರಡನೆಯದರದು ಶೇ 5. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 4. ಇದು ರಿಲೇಟಿವ್ ರಿಸ್ಕ್. ಆಡ್ಸ್ ರೇಶಿಯೊ ಬೇರೆ: ಕೆಮ್ಮು ಇದ್ದವರನ್ನು ಇಲ್ಲದವರಿಂದ ಭಾಗಿಸಬೇಕು. 40 ಭಾಗ 160, ಅದನ್ನು 10 ಭಾಗ 190ರಿಂದ ಭಾಗಿಸಿದರೆ 4.75 ಬರುತ್ತದೆ. ಅದೇ ಕೆಮ್ಮು 40 ಮತ್ತು 10ರ ಬದಲು 4 ಮತ್ತು 1 ಮಂದಿಗೆ ಮಾತ್ರ ಇದ್ದಿದ್ದರೆ ರಿಲೇಟಿವ್ ರಿಸ್ಕ್ 4, ಆಡ್ಸ್ ರೇಶಿಯೊ ಸುಮಾರು 4.06, ಎರಡೂ ಹತ್ತಿರ ಹತ್ತಿರ. ಅಂದರೆ ಕಾಯಿಲೆ ಅಪರೂಪದ್ದಾದರೆ ಎರಡನ್ನೂ ಒಂದೇ ರೀತಿ ಓದಿದರೂ ಹೆಚ್ಚು ಹಾನಿಯಿಲ್ಲ, ಸಾಮಾನ್ಯವಾದದ್ದಾದರೆ ಆಡ್ಸ್ ರೇಶಿಯೊ ಅಪಾಯವನ್ನು ಉಬ್ಬಿಸಿ ತೋರಿಸುತ್ತದೆ. ವರದಿಗಳಲ್ಲಿ 'ನಾಲ್ಕೂಮುಕ್ಕಾಲು ಪಟ್ಟು ಅಪಾಯ' ಎಂದು ತಪ್ಪಾಗಿ ಬರೆಯುವುದು ಇಲ್ಲೇ.

ಇಷ್ಟು ಲೆಕ್ಕವನ್ನು ಕೈಯಲ್ಲಿ ಮಾಡಿ, ಬಂದ ಉತ್ತರವನ್ನು ಒಂದು ಸರಳ ವಾಕ್ಯದಲ್ಲಿ ಹೇಳಬಲ್ಲಳಾದರೆ ಭಯಪಡುವ ಕಾರಣವಿಲ್ಲ. ಪ್ರವೇಶಕ್ಕೆ ಮುಂಚಿನ ರಜೆಯಲ್ಲಿ ಶೇಕಡಾ, ಸರಾಸರಿ, ಮಧ್ಯಾಂಕ, ಗ್ರಾಫ್ ಓದುವುದು ಇವಿಷ್ಟನ್ನು ಗಟ್ಟಿ ಮಾಡಿಕೊಳ್ಳಲಿ.

ಪ್ರಶ್ನೆ: ಎರಡನೇ ವರ್ಷದಲ್ಲಿದ್ದೇನೆ. ಹಾಸ್ಟೆಲ್ ವಿದ್ಯಾರ್ಥಿಗಳ ನಿದ್ರೆಯ ಬಗ್ಗೆ ಕಾರ್ಯಕ್ರಮ ಯೋಜನೆ ಬರೆದುಕೊಟ್ಟೆ. 'ನಿದ್ರೆಯ ಮಹತ್ವದ ಬಗ್ಗೆ ಅರಿವು ಮೂಡಿಸುವುದು' ಎಂದು ಉದ್ದೇಶ ಬರೆದಿದ್ದೆ. ಮೇಡಂ ಎರಡು ಸಲವೂ 'ಇದನ್ನು ಅಳೆಯಲಾಗದು' ಎಂದು ಹಿಂತಿರುಗಿಸಿದರು. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಮೇಡಂ ಹೇಳಿದ್ದು ಸರಿ. ಈ ಪದವಿಯ ತಿರುಳೇ ಈ ಪ್ರಶ್ನೆಯಲ್ಲಿರುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

ಹೆಚ್ಚಿನವರು ಚಟುವಟಿಕೆಯಿಂದ ಶುರುಮಾಡುತ್ತಾರೆ. ಒಂದು ಉಪನ್ಯಾಸ ಇಡೋಣ, ಕರಪತ್ರ ಹಂಚೋಣ ಎಂದು ಮೊದಲೇ ತೀರ್ಮಾನಿಸಿ, ಆಮೇಲೆ ಅದಕ್ಕೆ ಒಪ್ಪುವ ಉದ್ದೇಶವೊಂದನ್ನು ಹುಡುಕುತ್ತಾರೆ. ಲಾರೆನ್ಸ್ ಗ್ರೀನ್ 1970ರ ದಶಕದಲ್ಲಿ ರೂಪಿಸಲು ಶುರುಮಾಡಿದ, ಈಗ ಪ್ರಿಸೀಡ್-ಪ್ರೊಸೀಡ್ ಎಂದು ಕರೆಯುವ ಮಾದರಿ ಹೇಳುವುದು ಇದಕ್ಕೆ ತದ್ವಿರುದ್ಧ: ತಲುಪಬೇಕಾದ ಫಲದಿಂದ ಹಿಂದಕ್ಕೆ ನಡೆಯುತ್ತಾ ಬನ್ನಿ, ಚಟುವಟಿಕೆ ಕೊನೆಗೆ ತಾನಾಗಿ ಸಿಗುತ್ತದೆ.

ಮೊದಲು ಫಲವನ್ನು ಬರೆಯಿರಿ. 'ಸೆಮಿಸ್ಟರ್‌ನ 12ನೇ ವಾರದ ಹೊತ್ತಿಗೆ, ತರಗತಿ ಇರುವ ದಿನಗಳಲ್ಲಿ ಸರಾಸರಿ 7 ಗಂಟೆ ಅಥವಾ ಹೆಚ್ಚು ನಿದ್ರೆ ಮಾಡುವ ಹಾಸ್ಟೆಲ್ ವಿದ್ಯಾರ್ಥಿಗಳ ಪ್ರಮಾಣ ಶೇ 40ರಿಂದ ಶೇ 50ಕ್ಕೆ ಏರಿರಬೇಕು.' ಯಾರು, ಏನು, ಎಷ್ಟು, ಯಾವಾಗಿನೊಳಗೆ ನಾಲ್ಕೂ ಇದರಲ್ಲಿವೆ. ಇಲ್ಲಿ ಶೇ 40 ಎಂಬುದು ನೀವು ಊಹಿಸಿದ ಸಂಖ್ಯೆ ಆಗಬಾರದು, ಕಾರ್ಯಕ್ರಮಕ್ಕೆ ಮುಂಚಿನ ಸಮೀಕ್ಷೆಯಲ್ಲಿ ಬಂದದ್ದಾಗಿರಬೇಕು. ಆ ಮೊದಲ ಅಳತೆ ಇಲ್ಲದೆ ಗುರಿ ಬರೆದವರು ಕೊನೆಗೆ ಏರಿತೋ ಇಳಿಯಿತೋ ಹೇಳಲಾರದೆ ಸಿಕ್ಕಿಬೀಳುತ್ತಾರೆ.

ಆಮೇಲೆ, ನಿದ್ರೆ ಕೆಡಲು ಏನೇನು ಕಾರಣ ಎಂದು ಕೇಳಿ ತಿಳಿದು ಮೂರು ಗುಂಪು ಮಾಡಿ. ರಾತ್ರಿಯಿಡೀ ಓದಿದರೇ ಅಂಕ ಬರುತ್ತದೆ ಎಂಬ ನಂಬಿಕೆ ಪೂರ್ವಪ್ರೇರಕ ಅಂಶ. ಅಸೈನ್‌ಮೆಂಟ್ ಸಲ್ಲಿಸುವ ಗಡುವು ರಾತ್ರಿ 12ಕ್ಕೆ ಇರುವುದು, ಕಾರಿಡಾರಿನ ಬೆಳಕು ಕೋಣೆಯೊಳಗೆ ಬೀಳುವುದು, ಗದ್ದಲ, ಇವೆಲ್ಲ ಅನುಕೂಲಕ ಅಂಶಗಳು. ಅವು ಇರುವ ರೀತಿಯೇ ಮಲಗುವುದನ್ನು ಸುಲಭವೋ ಕಷ್ಟವೋ ಮಾಡುತ್ತದೆ. ನಿದ್ದೆಗೆಟ್ಟವನನ್ನು ಗೆಳೆಯರು ಹೊಗಳುವುದು ಬಲವರ್ಧಕ ಅಂಶ. ಪ್ರತಿಯೊಂದಕ್ಕೂ ಎರಡು ಪ್ರಶ್ನೆ ಹಾಕಿ: ಇದು ಎಷ್ಟು ಮುಖ್ಯ? ನಮ್ಮಿಂದ ಎಷ್ಟು ಬದಲಿಸಲಾದೀತು? ಎರಡಕ್ಕೂ 'ಹೆಚ್ಚು' ಎಂಬ ಉತ್ತರ ಬಂದದ್ದನ್ನು ಹಿಡಿಯಿರಿ. ಗಡುವನ್ನು ರಾತ್ರಿ 12ರಿಂದ ಸಂಜೆ 6ಕ್ಕೆ ತರಲು ವಿಭಾಗದ ಮುಖ್ಯಸ್ಥರನ್ನು ಒಪ್ಪಿಸುವುದು ಹತ್ತು ಉಪನ್ಯಾಸಗಳಿಗಿಂತ ಹೆಚ್ಚು ಕೆಲಸ ಮಾಡಬಹುದು ಎಂಬುದು ನಿಮಗೆ ಗೊತ್ತಾಗುವುದು ಈ ಹಂತದಲ್ಲೇ.

ಇನ್ನು ಮೌಲ್ಯಮಾಪನ. '200 ಜನ ಉಪನ್ಯಾಸಕ್ಕೆ ಬಂದರು' ಎನ್ನುವುದು ನಡೆದ ಕೆಲಸದ ಲೆಕ್ಕ, ಅದನ್ನು ಫಲ ಎಂದು ಬರೆಯಬೇಡಿ. ಪ್ರಕ್ರಿಯೆಯ ಮೌಲ್ಯಮಾಪನದಲ್ಲಿ ಯೋಜಿಸಿದಂತೆ ನಡೆಯಿತೇ, ಯಾರು ಬಂದರು, ಯಾರು ಬರಲಿಲ್ಲ ಎಂದು ನೋಡುತ್ತೀರಿ. ನಂತರದ್ದು ತಕ್ಷಣದ ಪರಿಣಾಮ: ನಂಬಿಕೆ ಬದಲಾಯಿತೇ, ಗಡುವು ಬದಲಾಯಿತೇ. ಕೊನೆಯದು ಫಲ: ನಿದ್ರೆಯ ಗಂಟೆ. ಬರವಣಿಗೆಯಲ್ಲಿ ಮೂರನ್ನೂ ಬೇರೆ ಬೇರೆ ಇಡಿ. ಗಡುವೇ ಬದಲಾಗದಿದ್ದರೆ ನಿದ್ರೆ ಹೆಚ್ಚಲಿಲ್ಲ ಎಂದು ಕಾರ್ಯಕ್ರಮದ ವಿಚಾರವನ್ನೇ ದೂರುವಂತಿಲ್ಲ. ಅದು ಜಾರಿಯಾಗಲೇ ಇಲ್ಲ.

ನಿಮ್ಮ ವಿಷಯದಲ್ಲಿ ಒಂದು ಹಳ್ಳ ಇದೆ, ಎಚ್ಚರ. ಮೊದಲ ಅಳತೆಯನ್ನು 2ನೇ ವಾರದಲ್ಲಿ ತೆಗೆದುಕೊಂಡು ಕೊನೆಯದನ್ನು ಪರೀಕ್ಷೆಯ ವಾರದಲ್ಲಿ ತೆಗೆದುಕೊಂಡರೆ, ಒಳ್ಳೆಯ ಕಾರ್ಯಕ್ರಮವೂ ಸೋತಂತೆ ಕಾಣುತ್ತದೆ. ಕಾರ್ಯಕ್ರಮ ನಡೆಯದ ಇನ್ನೊಂದು ಹಾಸ್ಟೆಲಿನಲ್ಲೂ ಅದೇ ಎರಡು ವಾರಗಳಲ್ಲಿ ಅಳೆದು ಹೋಲಿಸಿ. ಮತ್ತೆ, ಬಜೆಟ್ ಬರೆಯುವಾಗ ಮೌಲ್ಯಮಾಪನಕ್ಕೆ ಹಣ ಇಡಲು ಮರೆಯಬೇಡಿ. ಕಾರ್ಯಕ್ರಮದ ಒಟ್ಟು ಸಂಪನ್ಮೂಲದಲ್ಲಿ ಕನಿಷ್ಠ ಶೇ 10 ಅದಕ್ಕಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಾರ್ಯಗುಂಪು 1998ರಲ್ಲೇ ಹೇಳಿದೆ.

ಪ್ರಶ್ನೆ: ನಮ್ಮ ಹಾಸ್ಟೆಲಿನಲ್ಲಿ 400 ವಿದ್ಯಾರ್ಥಿಗಳಿದ್ದಾರೆ. ಸಮೀಕ್ಷೆಗೆ ಎಷ್ಟು ಜನ ಸಾಕು? ಹಿಂದೊಮ್ಮೆ ಪ್ರಶ್ನಾವಳಿ ಹಂಚಿದಾಗ ಬಂದ ಉತ್ತರಗಳಿಂದ ಏನೂ ಹೇಳಲಾಗಲಿಲ್ಲ.

ಉತ್ತರ: ಒಂದು ಪ್ರಮಾಣವನ್ನು ಅಂದಾಜು ಮಾಡಲು, ಶೇ 95 ವಿಶ್ವಾಸಮಟ್ಟ (ಹೀಗೆ 100 ಸಲ ಅಳೆದರೆ ಸುಮಾರು 95 ಸಲ ಅಂದಾಜು ಹೇಳಿದ ಅಂತರದೊಳಗೇ ಇರುವುದು), ನಿಜಕ್ಕಿಂತ ಶೇ 5ರವರೆಗೆ ಹೆಚ್ಚು ಅಥವಾ ಕಡಿಮೆ ಆಗುವ ಅಂತರ ಸಾಕೆಂದರೆ, ದೊಡ್ಡ ಜನಸಂಖ್ಯೆಗೆ 385 ಜನ ಬೇಕು. 1.96ರ ವರ್ಗವನ್ನು 0.5, 0.5ರಿಂದ ಗುಣಿಸಿ, 0.05ರ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ನಿಮ್ಮ ಜನಸಂಖ್ಯೆ 400 ಮಾತ್ರ ಇರುವುದರಿಂದ ಸಣ್ಣ ಜನಸಂಖ್ಯೆಯ ತಿದ್ದುಪಡಿ ಮಾಡಿದರೆ 197ಕ್ಕೆ ಇಳಿಯುತ್ತದೆ. ಕೇಳಿದವರಲ್ಲಿ ಶೇ 70 ಜನ ಉತ್ತರಿಸಬಹುದು ಎಂದಿಟ್ಟುಕೊಂಡರೆ 282 ಜನರನ್ನು ಕೇಳಬೇಕು. ಈ 282 ಜನರನ್ನು ಕೋಣೆಗಳ ಪಟ್ಟಿಯಿಂದ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆರಿಸಿ. ಊಟದ ಹಾಲಿನ ಬಾಗಿಲಲ್ಲಿ ನಿಂತು ಸಿಕ್ಕವರನ್ನು ಕೇಳಿದರೆ ತಡವಾಗಿ ಎದ್ದು ಊಟ ತಪ್ಪಿಸುವವರೇ ಲೆಕ್ಕದಿಂದ ಹೊರಗುಳಿಯುತ್ತಾರೆ, ನಿಮಗೆ ಬೇಕಾದವರೇ ಅವರು. ಎರಡು ಹಾಸ್ಟೆಲುಗಳನ್ನು ಹೋಲಿಸುವ ಸಮೀಕ್ಷೆಗೆ ಲೆಕ್ಕ ಬೇರೆ. ನೀವು ಎಷ್ಟು ವ್ಯತ್ಯಾಸವನ್ನು ಹಿಡಿಯಬೇಕು ಎಂಬುದರ ಮೇಲೆ ಅದು ನಿಂತಿದೆ.

ಉತ್ತರಗಳು ನಿರುಪಯುಕ್ತ ಆಗಲು ಹೆಚ್ಚಾಗಿ ಪ್ರಶ್ನೆಗಳೇ ಕಾರಣ. 'ನೀವು ಸರಿಯಾಗಿ ನಿದ್ರೆ ಮಾಡಿ ವ್ಯಾಯಾಮ ಮಾಡುತ್ತೀರಾ?' ಎಂದರೆ ಒಂದರಲ್ಲಿ ಎರಡು ಪ್ರಶ್ನೆ. 'ಹೌದು' ಎಂದವರು ಯಾವುದಕ್ಕೆ ಹೌದೆಂದರು? 'ಸಾಮಾನ್ಯವಾಗಿ' ಎಂಬ ಪದ ಒಬ್ಬೊಬ್ಬರಿಗೆ ಒಂದೊಂದು ಅರ್ಥ. 'ಕಳೆದ 7 ದಿನಗಳಲ್ಲಿ' ಎಂದು ಕೇಳಿ. ಉತ್ತರದ ಆಯ್ಕೆಗಳಲ್ಲಿ '5ರಿಂದ 7 ಗಂಟೆ', '7ರಿಂದ 9 ಗಂಟೆ' ಎಂದಿದ್ದರೆ 7 ಗಂಟೆ ಮಲಗಿದವರು ಎಲ್ಲಿ ಗುರುತು ಹಾಕಬೇಕು? ಮಲಗಿದ ಸಮಯ, ಎದ್ದ ಸಮಯ ಎರಡನ್ನೂ ಬೇರೆ ಬೇರೆ ಕೇಳಿ ಗಂಟೆಯನ್ನು ನೀವೇ ಲೆಕ್ಕ ಹಾಕುವುದು ಉತ್ತಮ. ಹಂಚುವ ಮುಂಚೆ 10ರಿಂದ 15 ಜನರ ಮೇಲೆ ಪರೀಕ್ಷಿಸಿ, ಅವರು ಉತ್ತರಿಸುವಾಗ ಪಕ್ಕದಲ್ಲೇ ಕೂತು 'ಈ ಪ್ರಶ್ನೆಯನ್ನು ಹೇಗೆ ಅರ್ಥ ಮಾಡಿಕೊಂಡಿರಿ' ಎಂದು ಕೇಳಿ. ಇದಕ್ಕೆ ಹೆಚ್ಚೆಂದರೆ ಎರಡು ಸಂಜೆ ಬೇಕಾಗುತ್ತದೆ. ಬಿಟ್ಟರೆ ಇಡೀ ಸಮೀಕ್ಷೆಯೇ ಹೋಗುತ್ತದೆ.

ಪ್ರಶ್ನೆ: ವರ್ತನೆಯ ಸಿದ್ಧಾಂತಗಳು ಎಷ್ಟೊಂದಿವೆ! ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇನೆ, ಯೋಜನೆಯಲ್ಲಿ ಯಾವುದನ್ನು ಬಳಸುವುದೆಂದು ತಿಳಿಯದು.

ಉತ್ತರ: ಪ್ರತಿ ಸಿದ್ಧಾಂತವೂ ಒಂದು ಪ್ರಶ್ನೆಗೆ ಉತ್ತರ. ಆ ಪ್ರಶ್ನೆ ಯಾವುದೆಂದು ಹಿಡಿದರೆ ಗೊಂದಲ ಕಳೆಯುತ್ತದೆ. ಕಾಯಿಲೆಯ ಅಪಾಯ, ಕ್ರಮದ ಲಾಭ, ಅಡ್ಡಿಗಳ ಬಗ್ಗೆ ಜನರ ನಂಬಿಕೆಗಳನ್ನು ನೋಡುವ ಹೆಲ್ತ್ ಬಿಲೀಫ್ ಮಾಡೆಲ್ ಹುಟ್ಟಿದ್ದು 1950ರ ದಶಕದ ಅಮೆರಿಕದಲ್ಲಿ. ಕ್ಷಯ ಪತ್ತೆಗೆ ಪುಕ್ಕಟೆ ಎಕ್ಸ್‌ರೇ ಇಟ್ಟರೂ ಜನ ಏಕೆ ಬರುತ್ತಿಲ್ಲ ಎಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಸೇವೆಯ ಮನಶ್ಶಾಸ್ತ್ರಜ್ಞರು ತಲೆಕೆಡಿಸಿಕೊಂಡಿದ್ದರು. ಹಾಗಾಗಿ ಲಸಿಕೆ, ತಪಾಸಣೆಯಂಥ ಒಂದು ಸಲ ಮಾಡಿ ಮುಗಿಸುವ ಕೆಲಸಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ, ದಿನನಿತ್ಯದ ಅಭ್ಯಾಸಗಳಿಗೆ ಅಷ್ಟಾಗಿ ಇಲ್ಲ. ಪ್ರೊಚಾಸ್ಕ ಮತ್ತು ಡಿಕ್ಲಿಮೆಂಟಿ ಅವರ ಹಂತಗಳ ಮಾದರಿ ಯಾರು ಎಷ್ಟು ಸಿದ್ಧರಿದ್ದಾರೆ ಎಂದು ವಿಂಗಡಿಸಲು ಬೇಕು: ಮುಂದಿನ 30 ದಿನದಲ್ಲಿ ಶುರುಮಾಡುತ್ತೇನೆ ಎನ್ನುವವರು ಸಿದ್ಧತೆಯ ಹಂತದಲ್ಲಿ, ಬದಲಾಗಿ 6 ತಿಂಗಳು ದಾಟಿದವರು ನಿರ್ವಹಣೆಯ ಹಂತದಲ್ಲಿ. ಯೋಚನೆಯೇ ಮಾಡದವರಿಗೆ 'ಹೀಗೆ ಮಾಡಿ' ಎಂಬ ಕೈಪಿಡಿ ಕೊಟ್ಟರೆ ಅದು ವ್ಯರ್ಥ. 'ನನ್ನಿಂದ ಆದೀತೇ' ಎಂಬ ಅಳುಕೇ ಅಡ್ಡಿಯಾಗಿದ್ದರೆ ಬಂಡೂರಾ ಅವರ ಸ್ವಸಾಮರ್ಥ್ಯದ ಪರಿಕಲ್ಪನೆಗೆ ಬನ್ನಿ: ಚಿಕ್ಕ ಗೆಲುವುಗಳು, ತಮ್ಮಂಥವರೇ ಮಾಡುವುದನ್ನು ನೋಡುವುದು. ಅಡ್ಡಿ ವ್ಯಕ್ತಿಯ ಹೊರಗಿದ್ದರೆ ಈ ಮೂರೂ ಸಾಲವು. ಮ್ಯಾಕ್‌ಲೆರಾಯ್ ಮತ್ತು ಸಂಗಡಿಗರು 1988ರಲ್ಲಿ ಕೊಟ್ಟ ಪರಿಸರ ಮಾದರಿಯಂತೆ ವ್ಯಕ್ತಿ, ಒಡನಾಡಿಗಳು, ಸಂಸ್ಥೆ, ಸಮುದಾಯ, ನೀತಿ ಎಂದು ಒಂದೊಂದೇ ಮಟ್ಟ ಏರಿ ನೋಡಬೇಕು.

ಒಂದು ಯೋಜನೆಗೆ ಒಂದು, ಹೆಚ್ಚೆಂದರೆ ಎರಡು ಸಾಕು. ಮುನ್ನುಡಿಯಲ್ಲಿ ಸಿದ್ಧಾಂತದ ಹೆಸರು ಹೇಳಿ ಮುಂದೆ ಮರೆತುಬಿಡುವುದು ನಮಗೆ ಕಾಣಸಿಗುವ ದೊಡ್ಡ ದೋಷ. ಸಿದ್ಧಾಂತದ ಪ್ರತಿ ಅಂಶಕ್ಕೆ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆ, ಚಟುವಟಿಕೆಯಲ್ಲಿ ಒಂದು ತುಣುಕು ಇರಲೇಬೇಕು.

ಪ್ರಶ್ನೆ: ಕ್ಷೇತ್ರಕಾರ್ಯಕ್ಕೆ ಹೋದ ಸೀನಿಯರ್‌ಗಳು ಕುರ್ಚಿ ಜೋಡಿಸಿ, ಜೆರಾಕ್ಸ್ ಮಾಡಿಸಿ ಬಂದೆವು ಎನ್ನುತ್ತಾರೆ. ಹಾಗಾಗದಂತೆ ಏನು ಮಾಡಲಿ?

ಉತ್ತರ: ಹೋಗುವ ಮುಂಚೆ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ. ಮೂರರಿಂದ ಐದು ಕಲಿಕೆಯ ಗುರಿಗಳು, ವಾರಕ್ಕೊಮ್ಮೆ ಮೇಲ್ವಿಚಾರಕರ ಭೇಟಿಗೆ ನಿಗದಿತ ಸಮಯ, ಕೊನೆಗೆ ನಿಮ್ಮ ಹೆಸರಿನಲ್ಲಿ ಉಳಿಯುವ ಒಂದು ಕೃತಿ: ಅಗತ್ಯ ಸಮೀಕ್ಷೆಯ ವರದಿ, ಮೌಲ್ಯಮಾಪನದ ಯೋಜನೆ, ಪರೀಕ್ಷಿಸಿ ತಿದ್ದಿದ ತರಬೇತಿ ಪಾಠ, ಯಾವುದಾದರೂ ಸರಿ. ಸಣ್ಣಪುಟ್ಟ ಕೆಲಸಗಳಿಗೂ ಹೆಗಲು ಕೊಡಿ, ಎಲ್ಲರೂ ಕೊಡುತ್ತಾರೆ. ಆದರೆ ಎರಡು ವಾರ ಬರೀ ಅದೇ ಆದರೆ ಕಾಲೇಜಿನ ಮೇಲ್ವಿಚಾರಕರಿಗೆ ಕೂಡಲೇ ತಿಳಿಸಿ. ಜನರಿಂದ ಮಾಹಿತಿ ಸಂಗ್ರಹಿಸುವುದಿದ್ದರೆ ನೈತಿಕ ಸಮಿತಿಯ ಅನುಮತಿಗೆ ವಾರಗಟ್ಟಲೆ ಹಿಡಿಯಬಹುದು, ಅರ್ಜಿಯನ್ನು ಹಿಂದಿನ ಸೆಮಿಸ್ಟರಿನಲ್ಲೇ ಹಾಕಿ. ಅನುಮತಿಗೆ ಮುಂಚೆ ಸಂಗ್ರಹಿಸಿದ ಮಾಹಿತಿಯನ್ನು ಪ್ರಾಜೆಕ್ಟಿನಲ್ಲಿ ಬಳಸುವಂತಿಲ್ಲ.

ಪ್ರಶ್ನೆ: ಓದಿದ ಮೇಲೆ ಕೆಲಸ?

ಉತ್ತರ: 'ಹೆಲ್ತ್ ಪ್ರಮೋಷನ್' ಎಂಬ ಹೆಸರಿನ ಹುದ್ದೆಗಳನ್ನಷ್ಟೇ ಹುಡುಕಿದರೆ ಕಡಿಮೆ ಸಿಗುತ್ತವೆ. ಆರೋಗ್ಯ ಶಿಕ್ಷಣ, ಕಾರ್ಯಕ್ರಮ ಸಂಯೋಜನೆ, ಮೇಲ್ವಿಚಾರಣೆ ಮತ್ತು ಮೌಲ್ಯಮಾಪನ, ಕೆಲಸದ ಸ್ಥಳದ ಆರೋಗ್ಯ, ರೋಗಿ ಶಿಕ್ಷಣ, ಆರೋಗ್ಯ ಸಂವಹನ ಎಂಬ ಹೆಸರುಗಳಲ್ಲಿ ಹುಡುಕಿ. ಅಮೆರಿಕದಲ್ಲಿ ಆರೋಗ್ಯ ಶಿಕ್ಷಣ ತಜ್ಞರಿಗೆ ಚೆಸ್ (CHES, ಸರ್ಟಿಫೈಡ್ ಹೆಲ್ತ್ ಎಜುಕೇಷನ್ ಸ್ಪೆಷಲಿಸ್ಟ್) ಎಂಬ ಪ್ರಮಾಣಪತ್ರವಿದೆ. ಅದರ ಪರೀಕ್ಷೆಯಲ್ಲಿ 165 ಪ್ರಶ್ನೆ, ಅದರಲ್ಲಿ 150ಕ್ಕೆ ಮಾತ್ರ ಅಂಕ. ಹೆಲ್ತ್ ಪ್ರಮೋಷನ್ ಮತ್ತು ಶಿಕ್ಷಣದ ಅಂತರರಾಷ್ಟ್ರೀಯ ಒಕ್ಕೂಟವೂ ವೃತ್ತಿಪರರ ನೋಂದಣಿ ನಡೆಸುತ್ತದೆ. ಸಂಶೋಧನೆ ಅಥವಾ ನೀತಿಯ ಕಡೆ ಹೋಗಬೇಕೆಂದರೆ ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಬೇಕಾಗುತ್ತದೆ ಎಂದೇ ಇಟ್ಟುಕೊಳ್ಳಿ. ಇನ್ನೊಂದು ಮಾತು: ಈ ಪದವಿ ಚಿಕಿತ್ಸೆಯ ಪರವಾನಗಿ ಅಲ್ಲ. ರೋಗ ನಿರ್ಣಯ, ಔಷಧ, ಮಧುಮೇಹಿಗೆ ಪಥ್ಯದ ಚೀಟಿ ಬರೆಯುವುದು ನಮ್ಮ ಗಡಿಯಾಚೆಗಿನವು. ಯಾರ ಬಳಿ ಕಳಿಸಬೇಕೆಂದು ತಿಳಿದಿರುವುದು ನಮ್ಮ ಕೆಲಸ.

ಕೆಲಸ ಕೊಡುವವರು ಅಂಕಪಟ್ಟಿಗಿಂತ ಕಡತ ಕೇಳುತ್ತಾರೆ. ಒಂದು ಅಗತ್ಯ ಸಮೀಕ್ಷೆ, ಒಂದು ಯೋಜನೆ, ಒಂದು ಮೌಲ್ಯಮಾಪನ ವರದಿ, ಸರಳ ಭಾಷೆಯ ಒಂದು ಪುಟದ ಆರೋಗ್ಯ ಮಾಹಿತಿ, ಈ ನಾಲ್ಕನ್ನು ಪದವಿಯ ಅವಧಿಯಲ್ಲೇ ತಿದ್ದಿ ತೀಡಿ ಇಟ್ಟುಕೊಳ್ಳಿ. ಎಕ್ಸೆಲ್ ಚೆನ್ನಾಗಿ ಬರಲಿ, ಜೊತೆಗೆ ಪುಕ್ಕಟೆ ಸಿಗುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ಗಳಾದ ಆರ್ (R) ಅಥವಾ ಜಮೋವಿ ಒಂದನ್ನು ಕಲಿಯಿರಿ.

ಪ್ರಶ್ನೆ: ಜನ ಹೇಗೆ ಬದುಕಬೇಕೆಂದು ಹೇಳಲು ನಾವು ಯಾರು? ಬಡವರನ್ನೇ ದೂರಿದಂತಾಗುವುದಿಲ್ಲವೇ? ತರಗತಿಯಲ್ಲಿ ಈ ಪ್ರಶ್ನೆ ಕಾಡುತ್ತಿದೆ.

ಉತ್ತರ: ಕಾಡಲೇಬೇಕಾದ ಪ್ರಶ್ನೆ. ತಾಜಾ ತರಕಾರಿ ಸಿಗದ ಕಡೆ ಇರುವವರಿಗೆ ತರಕಾರಿ ತಿನ್ನಿ ಎನ್ನುವುದು, ಎರಡು ಪಾಳಿ ದುಡಿಯುವವರಿಗೆ ವಾಕಿಂಗ್ ಹೋಗಿ ಎನ್ನುವುದು ನಿಜಕ್ಕೂ ದೂರಿದಂತೆಯೇ. ಅದಕ್ಕಾಗಿಯೇ ಪರಿಸರ, ನೀತಿಗಳ ಮೇಲೆ ನಾವು ಇಷ್ಟು ಒತ್ತು ಕೊಡುವುದು.

ಇದಕ್ಕೆ ಲೆಕ್ಕದ ಬೆಂಬಲವೂ ಇದೆ. ಬ್ರಿಟನ್ನಿನ ಎಪಿಡೆಮಿಯಾಲಜಿಸ್ಟ್ ಜೆಫ್ರಿ ರೋಸ್ 1985ರ ಪ್ರಬಂಧದಲ್ಲಿ ತೋರಿಸಿದ ಸಂಗತಿ: ಕಡಿಮೆ ಅಪಾಯದ ಬಹಳ ಜನರಿಂದ ಬರುವ ಪ್ರಕರಣಗಳು ಹೆಚ್ಚು ಅಪಾಯದ ಕೆಲವರಿಂದ ಬರುವವಕ್ಕಿಂತ ಜಾಸ್ತಿ ಇರಬಹುದು. ಶೇ 10 ಅಪಾಯ ಇರುವ 500 ಜನರಿಂದ 50 ಪ್ರಕರಣ, ಶೇ 1 ಅಪಾಯ ಇರುವ 10,000 ಜನರಿಂದ 100. 'ಅಪಾಯದವರನ್ನು' ಮಾತ್ರ ಬೆರಳಿಟ್ಟು ತೋರಿಸಿದರೆ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳು ಹಾಗೇ ಉಳಿಯುತ್ತವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1970ರಲ್ಲಿ ಸೀಟ್ ಬೆಲ್ಟ್ ಕಡ್ಡಾಯ ಮಾಡಿದ್ದು ಎಲ್ಲರಿಗೂ ಅನ್ವಯಿಸುವ ಇಂಥದೇ ಕ್ರಮ.

ಹೆದರಿಸುವ ಚಿತ್ರಗಳ ಬಗ್ಗೆಯೂ ತರಗತಿಯಲ್ಲಿ ಚರ್ಚೆ ಬರುತ್ತದೆ. ಭಯ ಹುಟ್ಟಿಸಿ, ಪಾರಾಗಲು ತನ್ನ ಕೈಲಾಗುವ ದಾರಿಯನ್ನು ತೋರಿಸದಿದ್ದರೆ ಜನ ಸಂದೇಶವನ್ನೇ ದೂರ ತಳ್ಳುತ್ತಾರೆ ಎಂದು ಕಿಮ್ ವಿಟ್ಟೆ 1992ರಲ್ಲಿ ಮಂಡಿಸಿದ ಮಾದರಿ ವಿವರಿಸುತ್ತದೆ. ಆದ್ದರಿಂದ ಯಾವುದೇ ಸಂದೇಶವನ್ನು ಹೊರಬಿಡುವ ಮುಂಚೆ ಅದು ಯಾರಿಗಾಗಿಯೋ ಅವರಲ್ಲೇ 6ರಿಂದ 8 ಜನರ ಗುಂಪಿನ ಮುಂದಿಡಿ. 'ಇದನ್ನು ನೋಡಿ ನಿಮಗೆ ಅವಮಾನ ಅನ್ನಿಸಿತೇ, ಇದರಲ್ಲಿ ಹೇಳಿದ್ದು ನಾಳೆ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಆದೀತೇ' ಎಂದು ಕೇಳಿ. ಮೊದಲ ಪ್ರಶ್ನೆಗೆ ಹೌದು, ಎರಡನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಆ ಸಂದೇಶ ಮುದ್ರಣಕ್ಕೆ ಹೋಗಬಾರದು, ಅದಕ್ಕೆ ಎಷ್ಟೇ ಖರ್ಚಾಗಿದ್ದರೂ.